ರಾಸಿನ ಹಲ್ಲು ನೋಡುವ ನಾವು ನಮ್ಮ ಹಲ್ಲನ್ನೂ ನೋಡಿಕೊಳ್ಳೋಣ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಉಚಿತ ದಂತ ತಪಾಸಣಾ ಶಿಬಿರದ ದಿನ, ನಮ್ಮ ಊರಿನ ಮಗಳೂ ದಂತವೈದ್ಯೆಯೂ ಆದವರು ಸಂಘದ ಆವರಣದಲ್ಲಿ ಮಾಡಿದ ಭಾಷಣದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇವೆ. – ಸಂಪಾದಕ ಮಂಡಳಿ)



ನಾನು ಇಲ್ಲಿ ಅತಿಥಿಯಾಗಿ ನಿಂತಿಲ್ಲ. ಈ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹುಡುಗಿ ನಾನು. ನಮ್ಮವ್ವ ಎರಡು ಹಸು ಕಟ್ಟಿಕೊಂಡು ಹಾಕಿದ ಹಾಲಿನ ಬಟವಾಡೆಯಲ್ಲೇ ನನ್ನ ಹಾಸ್ಟೆಲ್ ಖರ್ಚು ನಡೆದದ್ದು. ಆದ್ದರಿಂದ ನಾನು ಡಾಕ್ಟರಾಗಿದ್ದರೆ ಅದರಲ್ಲಿ ಈ ಸಂಘದ ಪಾಲೂ ಇದೆ. ಇವತ್ತು ಆಡುವ ಮಾತನ್ನು ಸಾಲ ತೀರಿಸುವ ಮಾತು ಅಂತಲೇ ತಾವು ತಿಳಿಯಬೇಕು.

ನಮ್ಮ ಕಡೆ ರೈತರಿಗೆ ಹಲ್ಲಿನ ವಿಷಯ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸಿದ್ಧಗಂಗೆಯ ಜಾತ್ರೆಗೋ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೋ ರಾಸು ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಏನು? ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಹಾಲು ಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ಒಂದು ನಿಮಿಷದಲ್ಲಿ ಹೇಳಿಬಿಡ್ತಾರೆ. ರಾಸಿಗೆ ಮುಂಭಾಗದಲ್ಲಿ ಮೇಲಿನ ಹಲ್ಲಿಲ್ಲ, ಕೆಳಗೆ ಮಾತ್ರ ಎಂಟು ಅನ್ನುವುದು ನಮ್ಮ ಊರಿನ ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು. ಹಲ್ಲು ಸವೆದ ಎತ್ತನ್ನು ಯಾರೂ ಕೊಳ್ಳುವುದಿಲ್ಲ. ಯಾಕೆ? ಹಲ್ಲು ಹೋದರೆ ಮೇವು ಹೋಯ್ತು, ಮೇವು ಹೋದರೆ ಮೈ ಹೋಯ್ತು, ಮೈ ಹೋದರೆ ದುಡಿಮೆ ಹೋಯ್ತು. ಇಷ್ಟು ತಿಳಿದ ನಾವೇ ನಮ್ಮ ಹಲ್ಲಿನ ವಿಷಯ ಬಂದಾಗ "ಮುದ್ದೆ ತಿನ್ನೋರಿಗೆ ಹಲ್ಲು ಯಾಕಮ್ಮ, ನುಂಗಿದ್ರೆ ಸಾಕು" ಅಂತ ನಗ್ತೀವಿ. ಮುದ್ದೆಯನ್ನೇನೋ ನುಂಗಬಹುದು. ಆದರೆ ಕಾಳು, ಸೊಪ್ಪು, ಕಡಲೆಕಾಯಿ, ಮಾಂಸ ಇವನ್ನು ಅಗಿಯದೆ ತಿನ್ನುವುದು ಹೇಗೆ? ಹಲ್ಲು ಉದುರಿದ ನಮ್ಮ ಅಜ್ಜ ಅಜ್ಜಿಯರು ಒಂದೊಂದಾಗಿ ಇವನ್ನೆಲ್ಲ ಬಿಟ್ಟುಬಿಡ್ತಾರೆ. ಬರೀ ಮೆತ್ತಗಿನದು ತಿಂದು ತಿಂದು ಸೊರಗುತ್ತಾರೆ. "ವಯಸ್ಸಾಯ್ತು, ಅದಕ್ಕೇ ಇಳಿದುಹೋದ್ರು" ಅಂತ ನಾವು ಅಂದುಕೊಳ್ತೀವಿ. ಎಷ್ಟೋ ಮನೆಗಳಲ್ಲಿ ವಯಸ್ಸಿನ ಜೊತೆಗೆ ಹಲ್ಲಿಲ್ಲದ ಬಾಯಿಯೂ ಅದಕ್ಕೆ ಕಾರಣ.

ಹಲ್ಲು ನೋವು ಬಂದರೆ ನಮ್ಮ ಊರಿನಲ್ಲಿ ಏನು ನಡೆಯುತ್ತೆ ಅಂತ ಸ್ವಲ್ಪ ನೋಡೋಣ. ಮೊದಲ ದಿನ ಲವಂಗ. ಎರಡನೇ ದಿನ ಉಪ್ಪುನೀರು. ಮೂರನೇ ದಿನ ಅಂಗಡಿಯಿಂದ ನೋವಿನ ಗುಳಿಗೆ. ನೋವು ಇಳಿಯುತ್ತೆ, ವಾಸಿಯಾಯ್ತು ಅಂತ ಮರೀತೀವಿ. ತಿಂಗಳು ಬಿಟ್ಟು ಮತ್ತೆ ಶುರು. ಬೀಜದ ಹೊಗೆ ಹಾಕಿ ಹಲ್ಲಿನ ಹುಳ ತೆಗೆಯೋರ ಹತ್ತಿರ ಹೋಗಿಬಂದವರೂ ಇಲ್ಲಿ ಕೂತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ, ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಕೊನೆಗೆ ಕೆನ್ನೆ ಊದಿಕೊಂಡು ಕಣ್ಣು ಮುಚ್ಚಿದಾಗ ಡಾಕ್ಟರ ಹತ್ತಿರ ಬರ್ತಾರೆ. ಬಂದವರು ಮೊದಲು ಕೇಳುವುದು, "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಂತಲ್ಲಮ್ಮ?" ಹೋಗುವುದಿಲ್ಲ. ಹಲ್ಲಿನ ನರ ಬೇರೆ, ಕಣ್ಣಿನ ದೃಷ್ಟಿಯ ನರ ಬೇರೆ. ಕೀವು ತುಂಬಿದ ಹಲ್ಲನ್ನು ಬಾಯಲ್ಲೇ ಇಟ್ಟುಕೊಳ್ಳುವುದೇ ಅಪಾಯ.

ತಡ ಮಾಡಿ ಬರ್ತಾರೆ ಅಂತ ಪಟ್ಟಣದ ಡಾಕ್ಟರುಗಳು ಬೈಯುತ್ತಾರೆ. ನಾನು ಬೈಯುವುದಿಲ್ಲ. ಯಾಕೆ ತಡವಾಗುತ್ತೆ ಅಂತ ನನಗೆ ಗೊತ್ತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರು ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು. ಬೆಳಿಗ್ಗೆ ಹಾಲು ಹಾಕಿ, ದನಕ್ಕೆ ಮೇವು ಹಾಕಿ, ಬಸ್ಸು ಹಿಡಿದು ಹೋಗುವ ಹೊತ್ತಿಗೆ ಹನ್ನೊಂದು ಗಂಟೆ. ಚೀಟಿ ಮಾಡಿಸಿ ಸಾಲಿನಲ್ಲಿ ನಿಂತರೆ ಮಧ್ಯಾಹ್ನ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿ ಇರಲೇಬೇಕು. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು, "ಮುಂದಿನ ವಾರ ಮತ್ತೆ ಬನ್ನಿ" ಅಂದರೆ ಇನ್ನೊಂದು ದಿನವೂ ಹೋಯ್ತು. ನಮ್ಮ ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಸರ್ಕಾರಿ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ. ಆಮೇಲೆ ಎಷ್ಟೋ ಬಂದವು. ವರ್ಷ ವರ್ಷ ಸಾವಿರಾರು ಹುಡುಗ ಹುಡುಗಿಯರು ಓದಿ ಹೊರಗೆ ಬರ್ತಾರೆ. ಆದರೆ ಬೋರ್ಡು ಹಾಕುವುದು ಪಟ್ಟಣದ ಬಸ್‌ಸ್ಟ್ಯಾಂಡಿನ ಸುತ್ತಮುತ್ತಲೇ. ಅಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಬೋರ್ಡು, ಇಲ್ಲಿ ನಾಲ್ಕು ಊರಿಗೆ ಒಂದೂ ಇಲ್ಲ. ನನ್ನ ಬೋರ್ಡು ಕೂಡ ಪಟ್ಟಣದಲ್ಲೇ ಇದೆ, ಮುಚ್ಚಿಡುವುದು ಯಾಕೆ?

ಈಗ ಹಲ್ಲು ಹುಳುಕಾಗುವುದು ಹೇಗೆ ಅಂತ ಹೇಳ್ತೀನಿ. ಹಾಲಿನ ಸಂಘದವರಿಗೆ ಇದನ್ನು ತಿಳಿಸುವುದು ಬಹಳ ಸುಲಭ. ಕ್ಯಾನು ಸರಿಯಾಗಿ ತೊಳೆಯದೆ ಹಾಲು ತುಂಬಿಸಿದರೆ ಏನಾಗುತ್ತೆ? ಹುಳಿಯಾಗುತ್ತೆ. ಕಾರ್ಯದರ್ಶಿ ವಾಪಸ್ ಕಳಿಸ್ತಾರೆ. ಕ್ಯಾನಿನ ಮೂಲೆಯಲ್ಲಿ ಉಳಿದ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಅದೇ ಹುಳಿ. ನಮ್ಮ ಬಾಯಲ್ಲೂ ಅದೇ ಜಾತಿಯ ಕೆಲಸ ನಡೆಯುತ್ತೆ. ಹಲ್ಲಿನ ಮೇಲೆ ಅಂಟಿಕೊಂಡ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಬೆಲ್ಲ, ಸಕ್ಕರೆ, ಬಿಸ್ಕತ್ತು, ಚಾಕೊಲೇಟನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಕರಗಿಸುತ್ತಾ ಹೋಗುತ್ತೆ. ಜೊಲ್ಲು ಅದನ್ನು ಸ್ವಲ್ಪ ಸ್ವಲ್ಪ ರಿಪೇರಿ ಮಾಡುತ್ತಾ ಬರುತ್ತೆ. ಆದರೆ ಗಂಟೆಗೊಂದು ಸಲ ಸಕ್ಕರೆ ಹಾಕಿದ ಟೀ ಕುಡೀತಾ ಇದ್ದರೆ ಜೊಲ್ಲಿಗೆ ರಿಪೇರಿ ಮಾಡಲು ಪುರುಸೊತ್ತೇ ಸಿಗುವುದಿಲ್ಲ. ಎಷ್ಟು ಸಿಹಿ ತಿಂದಿರಿ ಅನ್ನುವುದರ ಜೊತೆಗೆ ಎಷ್ಟು ಸಲ ತಿಂದಿರಿ ಅನ್ನುವುದೂ ಮುಖ್ಯ. ಹಬ್ಬದ ಹೋಳಿಗೆಯನ್ನು ಊಟದ ಜೊತೆ ತಿನ್ನಿ, ಯಾರು ಬೇಡ ಅಂತಾರೆ? ಆದರೆ ದಿನವಿಡೀ ಬಾಯಿ ಆಡಿಸ್ತಾ ಇರಬೇಡಿ.

ಗಟ್ಟಿ ಪದರದಲ್ಲಿ ಒಂದು ಸಲ ತೂತು ಬಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೂಳೆ ಮುರಿದರೆ ಕೂಡುತ್ತೆ, ಚರ್ಮ ಹರಿದರೆ ಕೂಡುತ್ತೆ, ಹಲ್ಲು ಕೂಡುವುದಿಲ್ಲ. ತೂತು ಸಣ್ಣದಿದ್ದಾಗ ಬಂದರೆ ಒಂದೇ ಸಲಕ್ಕೆ ಸಿಮೆಂಟು ತುಂಬಿಸಿ ಕಳಿಸ್ತೀವಿ. ಖರ್ಚು ಕಡಿಮೆ. ಆಗ ನೋವಿರುವುದಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ. ಹುಳುಕು ಒಳಗಿನ ನರದವರೆಗೆ ಹೋದಾಗ ರಾತ್ರಿ ನಿದ್ದೆ ಇಲ್ಲ. ಆಗ ರೂಟ್ ಕೆನಾಲ್ ಮಾಡಬೇಕು, ಮೇಲೆ ಕ್ಯಾಪು ಹಾಕಬೇಕು. ಖರ್ಚು ಸಾವಿರಗಳ ಲೆಕ್ಕಕ್ಕೆ ಹೋಗುತ್ತೆ. ಅದೂ ಮೀರಿದರೆ ಕೀಳಬೇಕು. ಕೆರೆ ಏರಿಯಲ್ಲಿ ಇಲಿ ಬಿಲ ಇದ್ದಾಗ ಒಂದು ಮಂಕರಿ ಮಣ್ಣಿನಲ್ಲಿ ಮುಗಿಯುವ ಕೆಲಸ, ಏರಿ ಒಡೆದ ಮೇಲೆ ಊರೇ ನಿಂತರೂ ಮುಗಿಯುವುದಿಲ್ಲ.

ತಾಯಂದಿರಿಗೆ ಒಂದು ಮಾತು ಮುಖ್ಯವಾಗಿ ಹೇಳಬೇಕು. ಮಕ್ಕಳಿಗೆ ಹಾಲು ಹಲ್ಲು ಇಪ್ಪತ್ತು. "ಹೇಗಿದ್ರೂ ಬಿದ್ದು ಹೋಗೋ ಹಲ್ಲು" ಅಂತ ಬಿಡಬೇಡಿ. ಅವು ಹಿಂದೆ ಬರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತವೆ. ಆರು ವರ್ಷದ ಸುಮಾರಿಗೆ ಹಾಲು ಹಲ್ಲುಗಳ ಹಿಂದೆ ಒಂದೊಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತೆ. ಯಾವ ಹಲ್ಲೂ ಬೀಳದೆ ಹೊಸದಾಗಿ ಬರುವುದರಿಂದ ಅದೂ ಹಾಲು ಹಲ್ಲೇ ಅಂತ ಎಷ್ಟೋ ತಾಯಂದಿರು ತಿಳಿದಿದ್ದಾರೆ. ಅದು ಬದುಕಿನುದ್ದಕ್ಕೂ ಇರಬೇಕಾದ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಬೆಳಿಗ್ಗೆಯಿಂದ ಶಿಬಿರದಲ್ಲಿ ನೋಡಿದ ಮಕ್ಕಳಲ್ಲಿ ಹೆಚ್ಚಾಗಿ ಹುಳುಕಾಗಿರುವುದು ಇದೇ ಹಲ್ಲು. ಇನ್ನೊಂದು, ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಕೂಸಿನ ಬಾಯಲ್ಲಿಟ್ಟು ಮಲಗಿಸಬೇಡಿ. ರಾತ್ರಿ ಜೊಲ್ಲು ಕಡಿಮೆ. ಸಿಹಿ ಹಾಲು ಹಲ್ಲಿನ ಮೇಲೇ ನಿಂತು ಮುಂದಿನ ಹಲ್ಲುಗಳನ್ನೆಲ್ಲ ತಿಂದುಬಿಡುತ್ತೆ. ಹಾಲು ಒಳ್ಳೆಯದೇ, ಅದನ್ನು ಮಾರಿಯೇ ನಾವು ಬದುಕಿರುವುದು. ಆದರೆ ಕುಡಿಸಿದ ಮೇಲೆ ಬಾಯಿ ಒರೆಸಿ.

ಹಾಲಿನ ಮಾತು ಬಂದದ್ದಕ್ಕೆ ಇನ್ನೊಂದು ಉಪಯೋಗ ಹೇಳ್ತೀನಿ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಸೈಕಲ್ಲಿಂದಲೋ ಮರದಿಂದಲೋ ಬಿದ್ದು ಮಗುವಿನ ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬಂದರೆ ಬಿಸಾಕಬೇಡಿ. ಅದು ಹಾಲು ಹಲ್ಲಲ್ಲದಿದ್ದರೆ ಮತ್ತೆ ಕೂರಿಸಬಹುದು. ಬೇರಿನ ಕಡೆ ಮುಟ್ಟದೆ ತಲೆಯ ಕಡೆ ಹಿಡಿದು, ಉಜ್ಜದೆ, ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿ ಬೇಗ ದಂತವೈದ್ಯರ ಹತ್ತಿರ ತನ್ನಿ. ಒಂದು ಗಂಟೆಯೊಳಗೆ ತಂದರೆ ಬಹಳ ಒಳ್ಳೆಯದು. ನೀರಿಗಿಂತ ಹಾಲಿನಲ್ಲಿ ಬೇರಿನ ಜೀವಕೋಶಗಳು ಹೆಚ್ಚು ಹೊತ್ತು ಉಳಿಯುತ್ತವೆ. ಹಾಲಿಗೆ ನಮ್ಮ ಊರಿನಲ್ಲಿ ಬರವಿಲ್ಲವಲ್ಲ!

ಇನ್ನು ಒಸಡಿನ ವಿಷಯ. ಹಸುವಿಗೆ ಕೆಚ್ಚಲುಬಾವು ಬಂದರೆ ನಾವು ಎಷ್ಟು ಗಾಬರಿ ಬೀಳ್ತೀವಿ! ರಾತ್ರಿ ಹತ್ತು ಗಂಟೆಯಾದರೂ ಡಾಕ್ಟರಿಗೆ ಫೋನು ಹೋಗುತ್ತೆ. ಅದೇ ಮನೆಯಲ್ಲಿ ಅವ್ವನ ಒಸಡಿನಲ್ಲಿ ವರ್ಷದಿಂದ ರಕ್ತ ಬರ್ತಾ ಇರುತ್ತೆ, ಕೇಳುವವರಿಲ್ಲ. ಹಲ್ಲುಜ್ಜುವಾಗ ರಕ್ತ ಬರುವುದು, ಬಾಯಿ ವಾಸನೆ, ಹಲ್ಲು ಅಲುಗಾಡುವುದು ಇವೆಲ್ಲ ಒಸಡಿನ ಬಾವಿನ ಲಕ್ಷಣಗಳು. ರಕ್ತ ಬರುತ್ತೆ ಅಂತ ಉಜ್ಜುವುದನ್ನೇ ಬಿಡ್ತಾರೆ, ಪಾಚಿ ಇನ್ನೂ ಗಟ್ಟಿಯಾಗುತ್ತೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅನ್ನುವ ಭಯವೂ ಬೇಡ. ಹಲ್ಲನ್ನು ಸಡಿಲ ಮಾಡುವುದು ಪಾಚಿ, ಡಾಕ್ಟರಲ್ಲ.

ಬಾಯಿಯ ಕಾಯಿಲೆ ಬಾಯಲ್ಲೇ ಉಳಿಯುವುದಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಬೇಕು. ಸಕ್ಕರೆ ಕಾಯಿಲೆ ಈಗ ಪಟ್ಟಣದ ಸಾಹುಕಾರರದು ಮಾತ್ರ ಅಲ್ಲ, ನಮ್ಮ ಊರಿನ ಮನೆಮನೆಗೂ ಬಂದಿದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತೆ. ಒಸಡಿನಲ್ಲಿ ಬಾವು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಸಡಿಗೆ ಚಿಕಿತ್ಸೆ ಮಾಡಿಸಿದವರಲ್ಲಿ ಸಕ್ಕರೆ ಸ್ವಲ್ಪ ಮಟ್ಟಿಗೆ ಇಳಿದದ್ದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹೃದಯದ ಕವಾಟದ ತೊಂದರೆ ಇರುವವರಿಗೆ ಬಾಯಿಯ ಸೋಂಕು ರಕ್ತದಲ್ಲಿ ಹೋಗಿ ಹೃದಯಕ್ಕೆ ತಗುಲುವ ಅಪಾಯವಿದೆ. ಅಂಥವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಹಲ್ಲು ಕೀಳಿಸುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಹಾಸಿಗೆ ಹಿಡಿದ ಹಿರಿಯರ ಬಾಯಿ ಶುಚಿ ಮಾಡದಿದ್ದರೆ ಆ ಕೊಳೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಸುರಿಯರಿಗೆ ಒಸಡು ಊದುವುದು ಸಾಮಾನ್ಯ. ಒಸಡಿನ ಜೋರು ಕಾಯಿಲೆಗೂ ದಿನ ತುಂಬುವ ಮೊದಲೇ ಆಗುವ ಹೆರಿಗೆಗೂ ಸಂಬಂಧ ಕಂಡುಬಂದಿದೆ. "ಬಸುರಿಗೆ ಹಲ್ಲು ಮುಟ್ಟಿಸಬಾರದು" ಅನ್ನುವುದು ತಪ್ಪು. ನಡುವಿನ ಮೂರು ತಿಂಗಳು ಚಿಕಿತ್ಸೆಗೆ ಬಹಳ ಅನುಕೂಲವಾದ ಕಾಲ.

ಒಂದು ಎಚ್ಚರಿಕೆ. ಹಲ್ಲು ನೋವಿನ ಜೊತೆಗೆ ಗದ್ದದ ಕೆಳಗೆ, ಕುತ್ತಿಗೆಯ ಕಡೆ ಗಟ್ಟಿಯಾಗಿ ಊದಿಕೊಂಡು, ಜ್ವರ ಬಂದು, ನುಂಗಲು ಆಗದೆ, ನಾಲಿಗೆ ಮೇಲೆದ್ದು, ಉಸಿರಾಟಕ್ಕೆ ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಬೆಚ್ಚಗಿನ ಪಟ್ಟು ಹಾಕುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಕೀವಿನಿಂದ ಜೀವ ಹೋದವರಿದ್ದಾರೆ. ಇದು ಹೆದರಿಸುವ ಮಾತಲ್ಲ, ನಡೆಯುವ ಸಂಗತಿ.

ನೀರಿನ ವಿಷಯವನ್ನೂ ಹೇಳಲೇಬೇಕು. ಪಾವಗಡದ ಕಡೆ, ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಎಂಟು ವರ್ಷದ ಒಳಗಿನ ಮಕ್ಕಳು ಕುಡಿದರೆ, ದವಡೆಯೊಳಗೆ ಬೆಳೆಯುತ್ತಿರುವ ಹಲ್ಲಿಗೆ ಕಲೆ ಬೀಳುತ್ತೆ. ಹುಟ್ಟುವಾಗಲೇ ಕಂದು ಗೆರೆ ಹೊತ್ತು ಬರುತ್ತೆ. ಇದು ಉಜ್ಜದ್ದಕ್ಕೆ ಬಂದ ಕೊಳೆ ಅಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತೆ ಅಷ್ಟೆ. ಕಂದು ಹಲ್ಲು ಅಂತ ಹೆಣ್ಣುಮಕ್ಕಳು ನಗುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಮುಂದೆ ಮೂಳೆಗಳಿಗೂ ತೊಂದರೆ. ಕುಡಿಯುವುದಕ್ಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ, ಮಕ್ಕಳಿರುವ ಮನೆಯಲ್ಲಂತೂ ತಪ್ಪಿಸಬೇಡಿ.

ಈಗ ಹೇಳಲಿಕ್ಕೆ ಕಷ್ಟವಾದ ಮಾತಿಗೆ ಬರ್ತೀನಿ.

ನಮ್ಮವ್ವನನ್ನು ಇಲ್ಲಿ ಎಲ್ಲರೂ ಬಲ್ಲಿರಿ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವುದು ಅವಳಿಗೆ ಮದುವೆಯಾದ ಹೊಸದರಲ್ಲೇ ರೂಢಿಯಾಗಿತ್ತು. ಕಳೆ ಕೀಳುವಾಗ ಹಸಿವು ಗೊತ್ತಾಗಬಾರದು ಅಂತ ಶುರು ಮಾಡಿದ್ದಂತೆ. ನಾನು ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರ್ ಓದುತ್ತಿದ್ದೆ. ಬಾಯಿ ಕ್ಯಾನ್ಸರಿನ ಪಾಠ ಓದಿ ಪರೀಕ್ಷೆಯಲ್ಲಿ ಒಳ್ಳೆಯ ನಂಬರು ತೆಗೆದಿದ್ದೆ. ಹಬ್ಬಕ್ಕೆ ಊರಿಗೆ ಬರುತ್ತಿದ್ದೆ, ಅವ್ವ ಮಾಡಿದ ಒಬ್ಬಟ್ಟು ತಿನ್ನುತ್ತಿದ್ದೆ, ಹೋಗುತ್ತಿದ್ದೆ. ಒಂದು ಸಲವೂ "ಅವ್ವ, ಬಾಯಿ ತೆಗಿ ನೋಡೋಣ" ಅನ್ನಲಿಲ್ಲ. ಅವಳು ಎಲೆ ಅಡಿಕೆ ಒತ್ತರಿಸಿಕೊಳ್ಳುತ್ತಿದ್ದ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ಆಮೇಲೆ ಖಾರ ಮುಟ್ಟಿದರೆ ಉರಿ, ಆಮೇಲೆ ಒಣಗದ ಹುಣ್ಣು. ತುಪ್ಪ ಹಚ್ಚಿಕೊಂಡಳು, ಅರಿಶಿನ ಇಟ್ಟುಕೊಂಡಳು. ನನಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೊನೆಗೆ ಕೇಳಿದೆ. "ಹೇಳಿದ್ರೆ ಬೆಂಗಳೂರಿಗೆ ಬಾ ಅಂತೀಯ. ನಾನು ಬಂದ್ರೆ ಸಂಜೆ ಹಸು ಯಾರು ಕರೀತಾರೆ? ಆ ಕೆಂದಿ ಬೇರೆಯವರ ಕೈಗೆ ಸೊರ ಬಿಡಲ್ಲ. ಹಾಲು ನಿಂತರೆ ನಿನ್ನ ಫೀಜಿಗೆ ಏನು ಮಾಡೋದು?" ಅಂದಳು.

ಬಾಯಿ ಪೂರ್ತಿ ತೆರೆಯಲಾಗದ ಹೊತ್ತಿಗೆ ನಾನು ನೋಡಿದ್ದು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ದವಡೆಯ ಒಂದು ಭಾಗ ತೆಗೆದರು. ಅಲ್ಲಿಯ ಡಾಕ್ಟರುಗಳು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಎರಡು ವರ್ಷ ಅಂಬಲಿ ಕುಡಿದುಕೊಂಡು ಇದ್ದಳು, ಹೋದಳು. ಬಿಳಿ ಮಚ್ಚೆ ಇದ್ದಾಗಲೇ ನೋಡಿದ್ದರೆ, ಕಡ್ಡಿಪುಡಿ ಬಿಡಿಸಿದ್ದರೆ, ಅವಳು ಇವತ್ತು ಈ ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದಳೇನೋ. ಡಾಕ್ಟರ್ ಓದುವ ಮಗಳಿದ್ದ ಮನೆಯಲ್ಲೇ ಹೀಗಾದರೆ ಉಳಿದವರ ಗತಿ ಏನು ಅಂತ ತಾವೇ ಯೋಚಿಸಬೇಕು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2022ರ ಅಂದಾಜಿನ ಪ್ರಕಾರ ಲೋಕದಲ್ಲಿ ಆ ವರ್ಷ ಹೊಸದಾಗಿ ಬಾಯಿ ಮತ್ತು ತುಟಿಯ ಕ್ಯಾನ್ಸರ್ ಬಂದವರು ಸುಮಾರು 3.9 ಲಕ್ಷ. ಅದರಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನ ನಮ್ಮ ದೇಶದವರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂತು, ಜನ ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಾಕಿಕೊಂಡರು. ಅಡಿಕೆ ಬೆಳೆಯುವ ಅಣ್ಣಂದಿರು ಬೇಸರ ಮಾಡಿಕೊಳ್ಳಬಾರದು, ತಂಬಾಕಿಲ್ಲದೆ ಬರೀ ಅಡಿಕೆ ಅಗಿದರೂ ಬಾಯಿಗೆ ಹಾನಿಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ. ದಿನವೂ ಹಾಕಿದರೆ ಕೆನ್ನೆಯೊಳಗಿನ ಚರ್ಮ ನಾರಿನಂತೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಬರುತ್ತೆ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ನೋಡಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂಹಲ್ಲಿನ ನಡುವೆ ತೂರಿಸಿ. ತೂರದಿದ್ದರೆ ಡಾಕ್ಟರಿಗೆ ತೋರಿಸಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಒಣಗದ ಹುಣ್ಣು, ಬಾಯಲ್ಲಿ ಗಂಟು, ಕಾರಣವಿಲ್ಲದೆ ಹಲ್ಲು ಅಲುಗುವುದು, ಇವಿದ್ದರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ನೋವಿಲ್ಲದ ಹುಣ್ಣಿಗೇ ಹೆಚ್ಚು ಹೆದರಬೇಕು.

ಸರ್ಕಾರದಲ್ಲಿ ಏನೂ ಇಲ್ಲವೇ ಅಂದರೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರ ವಿಭಾಗವಿದೆ. ಕೇಂದ್ರ ಸರ್ಕಾರ 2014-15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಬಿ.ಪಿ.ಎಲ್. ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆ ಬಂತು. ಈಗ ಯಾರಿಗೆ, ಎಲ್ಲಿ ಸಿಗುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡು ಹೋಗಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ನೋಡುವಾಗಲೇ ಬಾಯಿಯನ್ನೂ ಪರೀಕ್ಷೆ ಮಾಡಬೇಕು ಎಂದು ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ. ಆಶಾ ಕಾರ್ಯಕರ್ತೆಯರನ್ನು, ಉಪಕೇಂದ್ರದವರನ್ನು ನೀವಾಗಿಯೇ ಕೇಳಿ, "ನನ್ನ ಬಾಯಿ ನೋಡಿ" ಅನ್ನಿ. ವಿಶ್ವ ಆರೋಗ್ಯ ಸಭೆ 2021ರಲ್ಲಿ ಬಾಯಿಯ ಆರೋಗ್ಯದ ಬಗ್ಗೆ ನಿರ್ಣಯವನ್ನೇ ಮಾಡಿತು. ಲೋಕದಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಯ ಕಾಯಿಲೆ ಇದೆ ಎಂದು 2022ರ ವರದಿ ಹೇಳಿದೆ. ಆದರೆ ನಿರ್ಣಯ ಜಿನೀವಾದಲ್ಲಿ ಆದರೆ ನಮ್ಮ ಊರಿನ ಹಲ್ಲು ವಾಸಿಯಾಗುವುದಿಲ್ಲ. ಊರಿನವರೇ ಕೈಹಾಕಬೇಕು.

ಅದಕ್ಕೆ ಸಹಕಾರ ಸಂಘಕ್ಕಿಂತ ಒಳ್ಳೆಯ ಜಾಗ ಇಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ, ಒಬ್ಬೊಬ್ಬರಿಂದ ಆಗದ ಕೆಲಸ ಹತ್ತು ಜನ ಸೇರಿದರೆ ಆಗುತ್ತೆ ಅನ್ನುವುದೇ ಅವರ ಬಂಡವಾಳ. ಸಹಕಾರಿಗಳ ಯಶಸ್ವಿನಿ ಯೋಜನೆಯೂ ಹಾಗೆಯೇ. 2003ರಲ್ಲಿ ಜಾರಿಗೆ ಬಂತು, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಯಿತು, ರೈತರು ಕೇಳಿದ್ದಕ್ಕೆ 2022-23ರಲ್ಲಿ ಮತ್ತೆ ಬಂತು. ಸದಸ್ಯರಾಗದವರು ಆಗಿ. ಆದರೆ ಅಂಥ ಯೋಜನೆಗಳು ಹೆಚ್ಚಾಗಿ ದೊಡ್ಡ ಆಪರೇಷನ್ನಿಗೆ. ಹಲ್ಲಿಗೆ ಸಿಮೆಂಟು ಹಾಕಿಸುವಂಥ ಸಣ್ಣ ಕೆಲಸಕ್ಕೆ ನಾವೇ ದಾರಿ ಮಾಡಿಕೊಳ್ಳಬೇಕು. ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಐದು ಬಿನ್ನಹ ಇಡ್ತೀನಿ.

ಒಂದು, ಈ ಶಿಬಿರ ಬೆಳ್ಳಿಹಬ್ಬಕ್ಕೆ ಮಾತ್ರ ಮುಗಿಯಬಾರದು. ಆರು ತಿಂಗಳಿಗೊಮ್ಮೆ ನಡೆಯಲಿ. ದಂತ ಕಾಲೇಜುಗಳಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದರೆ ಹಳ್ಳಿಗೆ ತಂಡ ಕಳಿಸುವ ಕಾಲೇಜುಗಳಿವೆ.

ಎರಡು, ಚಿಕಿತ್ಸೆ ಬೇಕಾದವರು ಒಬ್ಬೊಬ್ಬರೇ ಅಲೆಯುವುದು ಬೇಡ. ಹತ್ತು ಹನ್ನೆರಡು ಜನ ಒಂದೇ ದಿನ ಒಂದು ಗಾಡಿ ಮಾಡಿಕೊಂಡು ಹೋಗಲಿ. ಆ ದಿನ ಅವರ ಹಸು ಕರೆಯುವ ಕೆಲಸವನ್ನು ಪಕ್ಕದ ಮನೆಯವರು ವಹಿಸಿಕೊಳ್ಳಲಿ. ಅದಕ್ಕೆ ಮುಂಚೆ ನಾಲ್ಕು ದಿನ ಕೊಟ್ಟಿಗೆಗೆ ಬಂದು ಹಸುವಿಗೆ ಕೈ ರೂಢಿ ಮಾಡಿಸಲಿ. ಸಂಜೆ ಹಸು ಕರೆಯುವವರಿಲ್ಲ ಅಂತ ಈ ಊರಿನಲ್ಲಿ ಇನ್ನೊಬ್ಬ ತಾಯಿ ಹುಣ್ಣು ಮುಚ್ಚಿಟ್ಟುಕೊಳ್ಳಬಾರದು.

ಮೂರು, ಫೀಡ್ಸಿಗೆ ಮುಂಗಡ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ತೀರಲ್ಲ, ಹಾಗೆಯೇ ಹಲ್ಲಿನ ಚಿಕಿತ್ಸೆಗೂ ಸಣ್ಣ ಮುಂಗಡ ಕೊಡಲು ಮಹಾಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ತೂತು ಸಣ್ಣದಿದ್ದಾಗಲೇ ಹೋಗಲು ಅದು ಧೈರ್ಯ ಕೊಡುತ್ತೆ.

ನಾಲ್ಕು, ಫೀಡ್ಸ್ ಮೂಟೆಯ ಪಕ್ಕದಲ್ಲಿ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟೂ ಇಡಿ. ದಿನಕ್ಕೆರಡು ಸಲ, ಮಲಗುವ ಮುಂಚೆಯಂತೂ ತಪ್ಪದೆ ಉಜ್ಜಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕೆ ಮೇಲ್ಪಟ್ಟವರಿಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು, ನುಂಗಲು ಬಿಡಬೇಡಿ. ನೀರಿನ ಫ್ಲೋರೈಡಿಗೂ ಪೇಸ್ಟಿನದಕ್ಕೂ ವ್ಯತ್ಯಾಸವಿದೆ. ಹೊಟ್ಟೆಗೆ ಹೋದದ್ದು ಹೆಚ್ಚಾದರೆ ಕಲೆ, ಹಲ್ಲಿಗೆ ಹಚ್ಚಿ ಉಗುಳಿದ್ದು ರಕ್ಷೆ.

ಐದು, ಸಂಘದ ಆವರಣದಲ್ಲಿ ತಂಬಾಕು, ಗುಟ್ಕಾ ಹಾಕಬಾರದು ಅಂತ ಠರಾವು ಮಾಡಿ. ಹಾಲು ತರುವ ಜಾಗದಲ್ಲಿ ಉಗುಳುವುದು ಹೇಗೂ ಶೋಭೆಯಲ್ಲ.

ನಾನು ಬರೀ ಬಿನ್ನಹ ಮಾಡಿ ಬಸ್ಸು ಹತ್ತಿ ಹೋಗುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಹಾಲು ಹಾಕುವ ಹೊತ್ತಿಗೆ, ಈ ಡೈರಿಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರ್ತೀನಿ. ಹಾಲು ಅಳೆಸಿದವರು ಹಾಗೇ ನನ್ನ ಹತ್ತಿರ ಬಂದು ಬಾಯಿ ತೋರಿಸಿ ಹೋಗಿ. ಎರಡು ನಿಮಿಷದ ಕೆಲಸ. ಫೀಜು ಬೇಡ. ಅವ್ವನ ಬಾಯಿ ನೋಡದೆ ಉಳಿಸಿಕೊಂಡ ಬಾಕಿ ನನ್ನ ಪಾಸ್‌ಬುಕ್ಕಿನಲ್ಲಿ ಹಾಗೇ ಇದೆ, ಅದನ್ನು ಹೀಗಾದರೂ ತೀರಿಸುತ್ತೇನೆ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಕಡಲೆ ತರುವ ಕೆಲಸವನ್ನು ಈ ಸಂಘ ಇಪ್ಪತ್ತೈದು ವರ್ಷ ಮಾಡಿದೆ. ಹಲ್ಲು ಉಳಿಸಿಕೊಳ್ಳುವ ಕೆಲಸವನ್ನು ಇನ್ನು ಮುಂದೆ ಎಲ್ಲರೂ ಸೇರಿ ಮಾಡೋಣ. ಸಂಘದ ಸುವರ್ಣ ಮಹೋತ್ಸವದ ದಿನ ನಾವೆಲ್ಲ ಇಲ್ಲಿ ಸೇರಿದಾಗ, ಇವತ್ತು ಮುಂದೆ ಕೂತಿರುವ ಈ ಮಕ್ಕಳು ಬಾಯಿ ತುಂಬ ಹಲ್ಲಿಟ್ಟುಕೊಂಡು ನಗುವಂತಾಗಲಿ.

ಸಂಜೆ ಹಾಲಿನ ಹೊತ್ತಾಯಿತು, ನಾನು ಹೆಚ್ಚು ನಿಲ್ಲಿಸಿಕೊಳ್ಳುವುದಿಲ್ಲ. ಜೈ ಸಹಕಾರ.